ಸೆರೆಮನೆಯಲ್ಲೂ ಶಾಂತಿ ಕಂಡ ಸಂತ ಜೋಸೆಫ್ ವಾಜ್



ಎಷ್ಟು ಪ್ರಾರ್ಥಿಸಿದರೂ ಕಷ್ಟ ತೀರಲಿಲ್ಲವಲ್ಲ ಎಂದು ನೀವು ಎಂದಾದರೂ ನೊಂದುಕೊಂಡದ್ದುಂಟೆ? ಮನೆಯಲ್ಲಿ ಹಾಸಿಗೆ ಹಿಡಿದ ರೋಗಿ, ತೀರದ ಸಾಲ, ಕೈತಪ್ಪಿದ ಕೆಲಸ, ಮಾತು ಬಿಟ್ಟ ಅಣ್ಣತಮ್ಮಂದಿರು. ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ನಮ್ಮ ಧರ್ಮಕೇಂದ್ರದಲ್ಲಿ ಎಷ್ಟಿರಬಹುದು? ಈ ಕಷ್ಟವೊಂದು ಕಳೆದರೆ ಸಾಕು, ಆಮೇಲೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎಂದು ನಾವೆಲ್ಲರೂ ಅಂದುಕೊಳ್ಳುತ್ತೇವೆ. ಆದರೆ ಕಷ್ಟ ಕಳೆಯುವವರೆಗೆ ಕಾಯದೆ, ಅದರ ನಡುವೆಯೇ ಶಾಂತಿಯನ್ನು ಕಂಡುಕೊಂಡ ಒಬ್ಬ ಗುರುವಿನ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇವೆ. ಅವರು ದೂರದವರಲ್ಲ. ನಮ್ಮ ಕರಾವಳಿಯ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದಾಡಿದವರು. ಅವರೇ ಸಂತ ಜೋಸೆಫ್ ವಾಜ್.

ಗೋವೆಯ ಮಗ

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆನಾವ್ಲಿಂ ಎಂಬ ಹಳ್ಳಿಯಲ್ಲಿ. ಅದು ತಾಯಿ ಮರಿಯಾ ಅವರ ತವರೂರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು. ಭಕ್ತಿಯುಳ್ಳ ಕೊಂಕಣಿ ಕಥೋಲಿಕ ಕುಟುಂಬ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಹಳ್ಳಿಯಲ್ಲಿ ಪೋರ್ಚುಗೀಸ್ ಮತ್ತು ಲತೀನ್ ಭಾಷೆಗಳನ್ನು ಕಲಿತು, ಗೋವೆಯ ಪಟ್ಟಣದಲ್ಲಿ ಹೆಚ್ಚಿನ ವಿದ್ಯಾಭ್ಯಾಸ ಮುಗಿಸಿ, 1676ರಲ್ಲಿ ಗುರುದೀಕ್ಷೆ ಪಡೆದರು.

ದೀಕ್ಷೆಯಾದ ಮೇಲೆ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಪಾದರಕ್ಷೆಯನ್ನು ಬಿಟ್ಟದ್ದು. ಬಡವರು ಬರಿಗಾಲಲ್ಲಿ ನಡೆಯುವ ನಾಡಿನಲ್ಲಿ ಬಡವರ ಗುರುವೂ ಹಾಗೆಯೇ ನಡೆಯಬೇಕು ಎಂಬುದು ಅವರ ನಿರ್ಧಾರ. ಮರುವರ್ಷ, 1677ರ ಆಗಸ್ಟ್ 5ರಂದು, ತಾವು ಮಾತೆ ಮರಿಯಮ್ಮನವರ ದಾಸನೆಂದು ಒಂದು ಪತ್ರ ಬರೆದು ತಮ್ಮನ್ನು ಅವರಿಗೆ ಒಪ್ಪಿಸಿಕೊಂಡರು. ಮುಂದೆ ಬರಲಿದ್ದ ಕಷ್ಟಗಳು ಆಗ ಅವರಿಗೆ ತಿಳಿದಿರಲಿಲ್ಲ. ಆದರೆ ಯಾರ ಕೈ ಹಿಡಿದು ನಡೆಯಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿದ್ದರು.

ನಮ್ಮ ಕೆನರಾದಲ್ಲಿ ಮೂರು ವರ್ಷ

ಆ ದಿನಗಳಲ್ಲಿ ಸಿಲೋನ್ ಎಂದು ಕರೆಯುತ್ತಿದ್ದ ಶ್ರೀಲಂಕೆಯಿಂದ ದುಃಖದ ಸುದ್ದಿ ಬರುತ್ತಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ವಶಪಡಿಸಿಕೊಂಡಿದ್ದರು. ಕಥೋಲಿಕ ಗುರುಗಳನ್ನು ಹೊರಗೆ ಹಾಕಿದ್ದರು. ಗುರುವೊಬ್ಬನಿಗೆ ಮನೆಯಲ್ಲಿ ಆಶ್ರಯ ಕೊಟ್ಟವರಿಗೆ ಮರಣದಂಡನೆಯೂ ಆಗಬಹುದಿತ್ತು. ಸಾವಿರಾರು ಕಥೋಲಿಕರು ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಬದುಕುತ್ತಿದ್ದರು, ಸಾಯುತ್ತಿದ್ದರು. ತಮ್ಮನ್ನು ಅಲ್ಲಿಗೆ ಕಳುಹಿಸಿರೆಂದು ಜೋಸೆಫ್ ವಾಜ್ ಹಿರಿಯರನ್ನು ಬೇಡಿಕೊಂಡರು.

ಆದರೆ ಹಿರಿಯರು 1681ರಲ್ಲಿ ಅವರನ್ನು ಕಳುಹಿಸಿದ್ದು ನಮ್ಮ ಕೆನರಾಕ್ಕೆ! ಇಲ್ಲಿ ಆಗ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಕ್ರೈಸ್ತರ ನಡುವೆ ಮಾತ್ರ ದೊಡ್ಡ ಬಿರುಕು. ಪೋರ್ಚುಗೀಸ್ ರಾಜನ ಹಕ್ಕಿನಡಿ ಬಂದ ಅಧಿಕಾರಿಗಳು ಒಂದು ಕಡೆ, ರೋಮಾಪುರಿ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷರಾದ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರು ಕೊಟ್ಟ ಸಂಸ್ಕಾರ ಸರಿ, ಯಾರದು ಸರಿಯಲ್ಲ ಎಂದು ಜನ ಹಂಚಿಹೋಗಿದ್ದರು. ವಾಜ್ ಅವರು ಆ ಧರ್ಮಾಧ್ಯಕ್ಷರನ್ನು ಕಂಡು, ಗೌರವದಿಂದ ಮಾತನಾಡಿ, ಸಮಾಧಾನದ ದಾರಿ ಹುಡುಕಿದರು. ಜಗಳ ಪೂರ್ತಿ ತೀರಲಿಲ್ಲ. ಹಾಗೆಂದು ಅವರು ಕೈಕಟ್ಟಿ ಕೂರಲಿಲ್ಲ. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳ ಕಡೆ ನಡೆದು, ದೇವಾಲಯಗಳನ್ನು ಎತ್ತಿ ನಿಲ್ಲಿಸಿ, ಮಕ್ಕಳಿಗೆ ಶಾಲೆ ತೆರೆದು, ರೋಗಿಗಳನ್ನು ಕಂಡು ಸಂತೈಸಿದರು. 1684ರಲ್ಲಿ ಗೋವೆಗೆ ಮರಳಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇಂದಿಗೂ ಭಕ್ತರನ್ನು ಸೆಳೆಯುತ್ತಿದೆ.

ಗಮನಿಸಿದಿರಾ? ಬೇಡಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಸಿಕ್ಕಿದ್ದರಲ್ಲಿಯೇ ಅವರು ದೇವರ ಕೆಲಸವನ್ನು ಕಂಡುಕೊಂಡರು.

ಕೊರಳಲ್ಲಿ ಜಪಸರ

ಗೋವೆಯಲ್ಲಿ ಕೆಲವು ಭಾರತೀಯ ಗುರುಗಳು ಒಟ್ಟಾಗಿ ಪ್ರಾರ್ಥನೆಯ ಬಾಳು ನಡೆಸಲು ಸೇರಿದ್ದರು. 1685ರಲ್ಲಿ ವಾಜ್ ಅವರೂ ಸೇರಿಕೊಂಡು ಅವರ ಹಿರಿಯರಾದರು. ಸಂತ ಫಿಲಿಪ್ ನೇರಿಯವರ ಪದ್ಧತಿಯನ್ನು ಅನುಸರಿಸಿದ ಈ ಕೂಟ ಗೋವೆಯ ಓರಟರಿ ಎಂದು ಹೆಸರಾಯಿತು. ಆದರೆ ಅವರ ಮನಸ್ಸೆಲ್ಲ ಸಿಲೋನಿನ ಮೇಲೆಯೇ. 1686ರಲ್ಲಿ, ತಮ್ಮ ಮನೆಯಲ್ಲಿ ಬೆಳೆದ ಜಾನ್ ಎಂಬ ನಂಬಿಕಸ್ಥ ಯುವಕನನ್ನು ಜೊತೆಗೆ ಕರೆದುಕೊಂಡು ದಕ್ಷಿಣಕ್ಕೆ ಹೊರಟರು. ತೂತ್ತುಕುಡಿಯಿಂದ ಹಡಗು ಹತ್ತುವಾಗ ಮೈಮೇಲೆ ಗುರುವಿನ ನಿಲುವಂಗಿ ಇರಲಿಲ್ಲ. ಕೂಲಿಯವನ ಉಡುಪು ಇತ್ತು.

1687ರಲ್ಲಿ ಜಾಫ್ನಾ ತಲುಪಿದಾಗ ಅವರ ಸ್ಥಿತಿ ಹೇಗಿತ್ತು ಗೊತ್ತೇ? ಬಿರುಗಾಳಿಗೆ ಸಿಕ್ಕಿದ ಪ್ರಯಾಣದಿಂದ ಸೊರಗಿದ್ದರು. ಮೇಲೆ ಭೀಕರ ರಕ್ತಭೇದಿ. ಜಾನ್ ಕೂಡ ಕಾಯಿಲೆ ಬಿದ್ದ. ಗುರುತಿನವರಿಲ್ಲದ ಊರು, ಸಿಕ್ಕಿಬಿದ್ದರೆ ಸಾವು. ಸೇವೆ ಮಾಡಲು ಬಂದವರು ಈಗ ಯಾರೋ ಪುಣ್ಯಾತ್ಮರು ಕೊಟ್ಟ ಗಂಜಿಯಿಂದ ಜೀವ ಹಿಡಿದುಕೊಳ್ಳಬೇಕಾಯಿತು. ದೇವರ ಕೆಲಸಕ್ಕೆಂದೇ ಬಂದವನಿಗೆ ಹೀಗೇಕೆ ಎಂದು ನಾವಾಗಿದ್ದರೆ ಕೇಳುತ್ತಿದ್ದೆವೇನೋ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಇನ್ನೊಂದು ಪ್ರಶ್ನೆ. ಈ ಊರಲ್ಲಿ ಕಥೋಲಿಕರು ಯಾರು? ಕೇಳುವಂತಿಲ್ಲ, ಹೇಳುವಂತಿಲ್ಲ. ಆಗ ಅವರು ಎಲ್ಲರಿಗೂ ಕಾಣುವಂತೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಅಕ್ಕಿ ಬೇಡುವ ಕೈ ಮುಂದೆ, ಜಪಸರವನ್ನು ಕಂಡು ಬೆಳಗುವ ಮುಖ ಯಾವುದೆಂದು ನೋಡುವ ಕಣ್ಣು ಹಿಂದೆ. ಕೊನೆಗೆ ಕೆಲವರ ನೋಟ ಆ ಮಣಿಗಳ ಮೇಲೆ ನಿಂತಿತು. ಹೆದರುತ್ತಲೇ ಮಾತು ಬೆಳೆಯಿತು. ಬಾಗಿಲಲ್ಲಿ ನಿಂತಿರುವ ಭಿಕ್ಷುಕ ಗುರುವೆಂದು ತಿಳಿದಾಗ ಅವರಿಗಾದ ಸಂತೋಷವನ್ನು ನೀವೇ ಊಹಿಸಿಕೊಳ್ಳಿ. ಸುಮಾರು ಮೂವತ್ತು ವರ್ಷಗಳ ನಂತರ ಬಂದ ಗುರು!

ಇಲ್ಲಿ ಆ ಕುಟುಂಬಗಳನ್ನೂ ನೆನೆಯಬೇಕು. ಮೂವತ್ತು ವರ್ಷ ದೇವಾಲಯ ಅವರದಾಗಿರಲಿಲ್ಲ. ಪೀಠದ ಮುಂದೆ ನಿಂತು ಕಲಿಸುವವರಿರಲಿಲ್ಲ. ಆದರೂ ಮಕ್ಕಳಿಗೆ ಜಪಸರ ಗೊತ್ತಿತ್ತು. ಯಾರು ಕಲಿಸಿದರು? ಅಡುಗೆಮನೆಯ ಮೂಲೆಯಲ್ಲಿ, ದೀಪ ಸಣ್ಣದು ಮಾಡಿ, ತಾಯಿ ಅಜ್ಜಿಯರಲ್ಲದೆ ಇನ್ನಾರು ಕಲಿಸಿರಬೇಕು?

ಸಿಲ್ಲಾಲೈನ ರಾತ್ರಿಗಳು

ಸುರಕ್ಷಿತವೆಂದು ಜನ ಅವರನ್ನು ಸಿಲ್ಲಾಲೈ ಎಂಬ ಹಳ್ಳಿಗೆ ಕರೆದೊಯ್ದರು. ಹಗಲಿಡೀ ಅಡಗಿರುವುದು, ಕತ್ತಲಾದ ಮೇಲೆ ಮನೆಯಿಂದ ಮನೆಗೆ, ಹಳ್ಳಿಯಿಂದ ಹಳ್ಳಿಗೆ ನಡೆಯುವುದು. ಪಾಪನಿವೇದನೆ ಕೇಳಿ, ಜ್ಞಾನಸ್ನಾನ ಕೊಟ್ಟು, ಬಲಿಪೂಜೆ ಅರ್ಪಿಸಿ, ಬೆಳಕು ಹರಿಯುವ ಮುನ್ನ ಮರೆಯಾಗುವುದು. ಎರಡು ವರ್ಷ ಹೀಗೆ ಕಳೆಯಿತು.

1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ ಸೈನಿಕರು ನುಗ್ಗಿದರು. ಬಲಿಪೂಜೆಗೆ ಸೇರಿದ್ದ ಜನರನ್ನು ಹಿಡಿದರು. ಗುರು ಮಾತ್ರ ಸಿಗಲಿಲ್ಲ. ಮುಖಂಡರಿಗೆ ಚಾಟಿಯೇಟು, ದಂಡ, ಸೆರೆ. ತಾವು ತಪ್ಪಿಸಿಕೊಂಡು, ತಮ್ಮನ್ನು ನಂಬಿದವರು ಏಟು ತಿನ್ನುವುದನ್ನು ಕೇಳಬೇಕಾಗಿ ಬಂದ ಗುರುವಿನ ನೋವು ಎಷ್ಟಿರಬೇಡ! ತನಗಾಗುವ ಕಷ್ಟಕ್ಕಿಂತ ತನ್ನವರಿಗಾಗುವ ಕಷ್ಟ ಹೆಚ್ಚು ಸುಡುತ್ತದೆ ಎಂಬುದು ತಂದೆತಾಯಿಗಳಾದ ನಿಮಗೆ ಹೇಳಬೇಕಾಗಿಲ್ಲ. ವಾಜ್ ಅವರು ದ್ವೀಪವನ್ನು ಬಿಟ್ಟು ಓಡಿಹೋಗಲಿಲ್ಲ. ಡಚ್ಚರ ಕೈಗೆ ಸಿಗದ, ಕ್ಯಾಂಡಿಯ ರಾಜನಿಗೆ ಸೇರಿದ ಪುತ್ತಳಂಗೆ ಹೋಗಿ ಕೆಲಸ ಮುಂದುವರಿಸಿದರು.

ಬಾಗಿಲು ಮುಚ್ಚಿದಾಗ

1692ರಲ್ಲಿ ಅವರು ಬೆಟ್ಟಗಳ ನಡುವಿನ ರಾಜಧಾನಿ ಕ್ಯಾಂಡಿಗೆ ಹೊರಟರು. ಬೌದ್ಧ ರಾಜ ಎರಡನೆಯ ವಿಮಲಧರ್ಮಸೂರ್ಯನ ನಾಡಿನಲ್ಲಿ ಬಹಿರಂಗವಾಗಿ ಸೇವೆ ಮಾಡಬಹುದೆಂಬ ಆಸೆ. ಆದರೆ ಇವರು ಪೋರ್ಚುಗೀಸರ ಗೂಢಚಾರ ಎಂದು ರಾಜನ ಕಿವಿಗೆ ಯಾರೋ ಊದಿದರು. ಕ್ಯಾಂಡಿಯಲ್ಲಿ ಕಾದಿದ್ದದ್ದು ಸೆರೆಮನೆ. ಜಾನ್ ಕೂಡ ಜೊತೆಯಲ್ಲೇ ಬಂಧಿ. ಆಗ ವಾಜ್ ಅವರಿಗೆ ನಲವತ್ತೊಂದು ವರ್ಷ.

ಡಚ್ಚರಿಂದ ತಪ್ಪಿಸಿಕೊಂಡದ್ದು ಇಲ್ಲಿ ಸಿಕ್ಕಿಬೀಳಲೆಂದೇ? ಹೊರಗೆ ಕುರಿಗಳು ಕಾಯುತ್ತಿರುವಾಗ ಕುರುಬ ಒಳಗೆ ಕೂರಬೇಕೆ? ನಿರಾಶೆಗೆ ಬೇಕಾದಷ್ಟು ಕಾರಣಗಳಿದ್ದವು. ಅವರು ಮಾಡಿದ್ದೇನು? ಸಿಂಹಳ ಭಾಷೆ ಕಲಿಯಲು ಕುಳಿತರು! ಹೊರಗಿದ್ದಾಗ ಅದಕ್ಕೆ ಬಿಡುವು ಎಲ್ಲಿತ್ತು? ಅಷ್ಟರಲ್ಲಿ ಕಾವಲು ಸ್ವಲ್ಪ ಸಡಿಲವಾಯಿತು. ಈ ಕೈದಿಯಿಂದ ಕೇಡಿಲ್ಲವೆಂದು ಕಾವಲುಗಾರರಿಗೂ ಅನ್ನಿಸಿತು. ಆವರಣದಲ್ಲೇ ಒಂದು ಪುಟ್ಟ ಗುಡಿಸಲು ಕಟ್ಟಿ ಪೂಜಾಪೀಠ ಮಾಡಿಕೊಂಡರು. ಕ್ಯಾಂಡಿಯ ಕಥೋಲಿಕರು ಒಬ್ಬೊಬ್ಬರಾಗಿ ಅಲ್ಲಿಗೇ ಬರತೊಡಗಿದರು. ಕುರುಬ ಹೊರಗೆ ಹೋಗಲಾಗದಿದ್ದಾಗ ಕುರಿಗಳೇ ಒಳಗೆ ಬಂದವು. ಸೆರೆಮನೆಯೇ ದೇವಾಲಯವಾಯಿತು.

ಮಳೆ ಮತ್ತು ಸಿಡುಬು

1696ರಲ್ಲಿ ಕ್ಯಾಂಡಿಯಲ್ಲಿ ಭಾರಿ ಬರಗಾಲ. ಮಳೆಗಾಗಿ ಪ್ರಾರ್ಥಿಸಲು ರಾಜನು ವಾಜ್ ಅವರನ್ನೂ ಕೇಳಿಕೊಂಡನು. ಅವರು ಬಯಲಿನಲ್ಲಿ ಪೀಠವಿರಿಸಿ, ಶಿಲುಬೆ ನಿಲ್ಲಿಸಿ, ಮೊಣಕಾಲೂರಿ ಪ್ರಾರ್ಥಿಸಿದಾಗ ಧಾರಾಕಾರ ಮಳೆ ಸುರಿಯಿತೆಂದೂ, ಅವರೂ ಪೀಠವೂ ಮಾತ್ರ ನೆನೆಯಲಿಲ್ಲವೆಂದೂ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಅಂದಿನಿಂದ ರಾಜನ ಮನಸ್ಸು ತಿರುಗಿತು. ರಾಜ್ಯದಲ್ಲಿ ಎಲ್ಲಿ ಬೇಕಾದರೂ ಹೋಗಿ ಬೋಧಿಸುವ ಸ್ವಾತಂತ್ರ್ಯ ಸಿಕ್ಕಿತು.

ಇನ್ನಾದರೂ ನೆಮ್ಮದಿಯೆಂದರೆ, 1697ರಲ್ಲಿ ಕ್ಯಾಂಡಿಗೆ ಸಿಡುಬು ನುಗ್ಗಿತು. ರಾಜನು ನಗರ ಬಿಟ್ಟನು. ಸಿರಿವಂತರು ಓಡಿದರು. ಹೆದರಿದ ಜನ ತಮ್ಮದೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟರು. ಉಳಿದವರು ವಾಜ್ ಮತ್ತು ಗೋವೆಯಿಂದ ಬಂದಿದ್ದ ಅವರ ಬಂಧುವೂ ಆದ ಗುರು ಜೋಸೆಫ್ ಕರ್ವಾಲೊ. ರೋಗಿಗಳಿಗೆ ಗುಡಿಸಲು ಹಾಕಿದರು. ಗಂಜಿ ಕಾಯಿಸಿ ಕುಡಿಸಿದರು. ಹುಣ್ಣು ತೊಳೆದರು. ಸತ್ತವರಿಗೆ ತಾವೇ ಗುಂಡಿ ತೋಡಿ ಮಣ್ಣು ಮಾಡಿದರು. ಕ್ರೈಸ್ತ, ಬೌದ್ಧ ಎಂಬ ಭೇದ ನೋಡಲಿಲ್ಲ. ಜಾಫ್ನಾದಲ್ಲಿ ಬಿದ್ದಿದ್ದಾಗ ಯಾರೋ ಕೊಟ್ಟ ಗಂಜಿಯ ಋಣವನ್ನು ಇಲ್ಲಿ ನೂರಾರು ಜನರಿಗೆ ತೀರಿಸಿದಂತಿತ್ತು. ತಾನು ನರಳಿದವನಿಗೇ ನರಳುವವರ ದುಃಖ ಚೆನ್ನಾಗಿ ಅರ್ಥವಾಗುತ್ತದೆ, ಅಲ್ಲವೇ?

ದೀಪ ಆರುವ ಮುನ್ನ

ಮುಂದಿನ ವರ್ಷಗಳಲ್ಲಿ ಗೋವೆಯಿಂದ ಇನ್ನಷ್ಟು ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಕ್ರೈಸ್ತ ಸಾಹಿತ್ಯವನ್ನೇ ಕಟ್ಟಿದರು. ವಾಜ್ ಅವರ ಕೀರ್ತಿ ರೋಮಾಪುರಿಯನ್ನೂ ಮುಟ್ಟಿತು. ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗ ಅವರು ವಿನಯದಿಂದ ಬೇಡವೆಂದರು. ಹುಟ್ಟೂರಿಗೆ ಮತ್ತೆ ಹೋಗಲಿಲ್ಲ. ಇಪ್ಪತ್ತನಾಲ್ಕು ವರ್ಷ ಆ ದ್ವೀಪದಲ್ಲೇ ಸವೆದರು.

ಕೊನೆಯ ತಿಂಗಳುಗಳಲ್ಲಿ ಜ್ವರ, ನೋವು, ನಿಶ್ಶಕ್ತಿ. ಬದುಕಿದ್ದಾಗ ಅಸಡ್ಡೆ ಮಾಡಿದ್ದನ್ನು ಸಾಯುವ ಗಳಿಗೆಯಲ್ಲಿ ಮಾಡುವುದು ಸುಲಭವಲ್ಲ ಎಂದು ಸುತ್ತ ನೆರೆದಿದ್ದ ಗುರುಗಳನ್ನು ಎಚ್ಚರಿಸಿ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಶಾಂತವಾಗಿ ಕಣ್ಣು ಮುಚ್ಚಿದರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಜಗದ್ಗುರು ಎರಡನೆಯ ಜಾನ್ ಪಾಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ಜನವರಿ 16 ಅವರ ಹಬ್ಬ.

ನಮಗೇನು ಪಾಠ?

ಪ್ರಿಯರೇ, ಈ ಸಂತರ ಬಾಳಿನಲ್ಲಿ ಕಷ್ಟವಿಲ್ಲದ ಕಾಲವನ್ನು ಹುಡುಕಿ ನೋಡಿ. ಸಿಗುವುದಿಲ್ಲ. ಜಗಳ ಹೋದರೆ ರೋಗ, ರೋಗ ಹೋದರೆ ಸೆರೆ, ಸೆರೆ ಹೋದರೆ ಸಿಡುಬು. ಎಲ್ಲವೂ ಸರಿಹೋಗಲಿ, ಆಮೇಲೆ ದೇವರನ್ನು ಸ್ತುತಿಸುತ್ತೇನೆ ಎಂದು ಅವರು ಕಾದಿದ್ದರೆ ಜೀವನವಿಡೀ ಕಾಯಬೇಕಿತ್ತು. ಅವರು ಕಾಯಲಿಲ್ಲ. ಸೆರೆಮನೆಯಲ್ಲಿ ಏನು ಸಾಧ್ಯವೋ ಅದನ್ನು ಸೆರೆಮನೆಯಲ್ಲೇ ಮಾಡಿದರು. ಇಂದು ನನ್ನ ಮುಂದಿರುವವರಿಗೆ ನಾನೇನು ಮಾಡಬಲ್ಲೆ ಎಂದು ಕೇಳಿಕೊಂಡವರ ಬಾಳು ಅದು. ಅವರ ಶಾಂತಿಯ ಗುಟ್ಟು ಅಲ್ಲಿದೆ.

ನಿಮ್ಮ ಕಷ್ಟ ನಾಳೆಯೇ ತೀರುತ್ತದೆಂದು ನಾವು ಹೇಳಲಾರೆವು. ಆದರೆ ಇಂದು ರಾತ್ರಿ ಒಂದು ಕೆಲಸ ಮಾಡಿ. ಊಟಕ್ಕೆ ಮೊದಲು ಮನೆಯವರೆಲ್ಲ ಕೂಡಿ ಕುಳಿತು ಜಪಸರ ಹಿಡಿಯಿರಿ. ಹಾಸಿಗೆಯಲ್ಲಿರುವ ಅಜ್ಜಿಯ ಪಕ್ಕದಲ್ಲೇ ಕುಳಿತರೂ ಆಗಬಹುದು. ಜಾಫ್ನಾದ ಬಾಗಿಲುಗಳ ಮುಂದೆ ಭಿಕ್ಷುಕನ ಕೊರಳಲ್ಲಿ ತೂಗಿದ ಆ ಮಣಿಗಳನ್ನು ನೆನೆಯಿರಿ. ಪ್ರಾರ್ಥನೆ ಮುಗಿದ ಮೇಲೆ, ನಿಮಗಿಂತ ಹೆಚ್ಚು ಕಷ್ಟದಲ್ಲಿರುವ ನೆರೆಮನೆಯವರೊಬ್ಬರ ಹೆಸರನ್ನು ಜ್ಞಾಪಿಸಿಕೊಳ್ಳಿ. ಬೆಳಗಾದ ಮೇಲೆ ಹೋಗಿ ಅವರ ಬಾಗಿಲು ತಟ್ಟಿ.

ಸಂತ ಜೋಸೆಫ್ ವಾಜ್, ನಮಗಾಗಿ ಪ್ರಾರ್ಥಿಸಿರಿ.