ಕಪ್ಪು ನಿಲುವಂಗಿಯ ಪಥಿಕ: ವಂದನೀಯ ಡಿ ಸ್ಮೆಟ್ ಸ್ವಾಮಿಯವರು

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಿಂದ ಸಹಸ್ರಾರು ಕುಟುಂಬಗಳು ಗಾಡಿಗಳಲ್ಲಿ ತಮ್ಮ ಸರ್ವಸ್ವವನ್ನೂ ಹೇರಿಕೊಂಡು ಪಶ್ಚಿಮಕ್ಕೆ ವಲಸೆ ಹೊರಟವು. ಆ ಮಹಾವಲಸೆಯ ಚರಿತ್ರೆಯಲ್ಲಿ ಸೈನಿಕರ ಹೆಸರೂ ಚಿನ್ನ ಅರಸಿದವರ ಹೆಸರೂ ಮೆರೆಯುತ್ತವೆ. ಭೂಮಿಯನ್ನಾಗಲಿ ಚಿನ್ನವನ್ನಾಗಲಿ ಬಯಸದೆ ಅದೇ ದಾರಿಯನ್ನು ತುಳಿದ ಯೇಸುಸಭೆಯ ಗುರುವೊಬ್ಬರ ಜೀವನವನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಪಿಯೆರ್ ಜಾನ್ ಡಿ ಸ್ಮೆಟ್ ಅವರು ಇಂದಿನ ಬೆಲ್ಜಿಯಂ ದೇಶದ ಡೆಂಡರ್ಮಾಂಡ್ ಪಟ್ಟಣದಲ್ಲಿ 1801ನೇ ಇಸವಿ ಜನವರಿ 30ರಂದು ಜನಿಸಿದರು. 1821ರಲ್ಲಿ, ತಂದೆಗೂ ತಿಳಿಸದೆ, ಧರ್ಮಪ್ರಚಾರಕರಾಗಲು ಹಡಗು ಹತ್ತಿದರು. ಮಿಸ್ಸೂರಿ ನದಿಯ ಬಳಿಯ ಫ್ಲಾರಿಸೆಂಟ್ ಎಂಬಲ್ಲಿ ವ್ಯಾಸಂಗ ಮುಂದುವರಿಸಿ 1827ರಲ್ಲಿ ಗುರುಪಟ್ಟ ಪಡೆದರು.

ಅವರನ್ನು ಪಶ್ಚಿಮಕ್ಕೆ ಕರೆದವರು ಬಿಳಿಯರಲ್ಲ. ಕೆನಡದ ಇರೊಕ್ವಾ ಜನಾಂಗದ ಕೆಲವು ಕಥೋಲಿಕರು ತುಪ್ಪಳ ವ್ಯಾಪಾರದ ಕೆಲಸಕ್ಕೆಂದು ವಲಸೆ ಹೋಗಿ, ರಾಕಿ ಪರ್ವತಗಳ ಆಚೆಯ ಸಾಲಿಷ್ ಜನರಲ್ಲಿ ನೆಲೆಸಿ, ತಮಗೆ ತಿಳಿದಿದ್ದ ಪ್ರಾರ್ಥನೆಗಳನ್ನು ಅವರಿಗೂ ಕಲಿಸಿದ್ದರು. ಗುರುಗಳಿಲ್ಲದ ನಾಡಿನಲ್ಲಿ ವಿಶ್ವಾಸದ ಬೀಜ ಬಿತ್ತಿದವರು ಈ ಶ್ರೀಸಾಮಾನ್ಯರೇ ಎಂಬುದನ್ನು ನಾವು ಮರೆಯಲಾಗದು. ಕಪ್ಪು ನಿಲುವಂಗಿಯ ಗುರುಗಳನ್ನು ಅರಸಿ 1831ರಲ್ಲಿ ಪರ್ವತಗಳಾಚೆಯಿಂದ ನಾಲ್ವರು ಸೇಂಟ್ ಲೂಯಿಸ್ ನಗರವನ್ನು ತಲುಪಿದರು. ಅವರಲ್ಲಿ ಇಬ್ಬರು ಅಲ್ಲಿಯೇ ಕಾಯಿಲೆಬಿದ್ದು ಜ್ಞಾನಸ್ನಾನ ಪಡೆದು ತೀರಿಕೊಂಡರು. ನಾರ್ಸಿಸ್, ಪೌಲ್ ಎಂಬ ಅವರ ಕ್ರೈಸ್ತ ಹೆಸರುಗಳು ಅಲ್ಲಿನ ಪ್ರಧಾನಾಲಯದ ಸಮಾಧಿ ಪುಸ್ತಕದಲ್ಲಿ ದಾಖಲಾಗಿವೆ. 1835ರಲ್ಲಿ ಇರೊಕ್ವಾ ಹಿರಿಯ ಇಗ್ನೇಸ್ ಲಾ ಮೂಸ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಬಂದು ಅವರಿಗೆ ಜ್ಞಾನಸ್ನಾನ ಮಾಡಿಸಿದರು. 1837ರಲ್ಲಿ ಮತ್ತೆ ಹೊರಟಾಗ ದಾರಿಯಲ್ಲಿ ಸೂ ಜನರ ಕೈಯಲ್ಲಿ ಹತರಾದರು. 1839ರಲ್ಲಿ ಇನ್ನಿಬ್ಬರು ಬಂದರು. ಈ ಬಾರಿ ಡಿ ಸ್ಮೆಟ್ ಸ್ವಾಮಿಯವರು ಹೊರಟರು. 1840ನೇ ಇಸವಿ ಜುಲೈ 5, ಭಾನುವಾರ, ಗ್ರೀನ್ ನದಿಯ ಬಯಲಿನಲ್ಲಿ ಬೇಟೆಗಾರರೂ ಮೂಲನಿವಾಸಿಗಳೂ ನೆರೆದಿರಲು ದಿವ್ಯಬಲಿಪೂಜೆಯನ್ನು ಅರ್ಪಿಸಿದರು. ಇಂದಿನ ವಯೋಮಿಂಗ್ ರಾಜ್ಯದಲ್ಲಿ ಅದೇ ಮೊದಲ ಪೂಜೆ.

ಮರುವರ್ಷ ಇಬ್ಬರು ಗುರುಗಳು, ಮೂವರು ಸಹೋದರರೊಡನೆ ಮತ್ತೆ ಪಯಣ. ಅದೇ ವೇಳೆಗೆ ಕ್ಯಾಲಿಫೋರ್ನಿಯಕ್ಕೆ ಹೋಗಬೇಕೆಂದು ಒಂದು ವಲಸಿಗರ ತಂಡವು ಗಡಿಯಲ್ಲಿ ಕಾಯುತ್ತಿತ್ತು. ಅವರಲ್ಲಿ ಒಬ್ಬರಿಗೂ ದಾರಿ ಗೊತ್ತಿರಲಿಲ್ಲ! ಸ್ವಾಮಿಯವರ ತಂಡಕ್ಕೆ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ನುರಿತ ಮಾರ್ಗದರ್ಶಿ ಇದ್ದುದರಿಂದ ವಲಸಿಗರೂ ಜೊತೆಗೂಡಿದರು. ಹೀಗೆ, ಕ್ಯಾಲಿಫೋರ್ನಿಯಕ್ಕೆ ಹೊರಟ ಮೊದಲ ಸಂಘಟಿತ ವಲಸೆಯು ಬಹುದೂರದವರೆಗೆ ಧರ್ಮಪ್ರಚಾರಕರ ಗಾಡಿಗಳ ಜಾಡಿನಲ್ಲೇ ಸಾಗಿತು. ಸೋಡಾ ಸ್ಪ್ರಿಂಗ್ಸ್ ಎಂಬಲ್ಲಿ ದಾರಿಗಳು ಕವಲೊಡೆದವು. ಅರ್ಧದಷ್ಟು ಮಂದಿ ಆರೆಗನ್ ಕಡೆ ತಿರುಗಿದರು. ಉಳಿದವರು ಮರುಭೂಮಿಯಲ್ಲಿ ಗಾಡಿಗಳನ್ನೇ ತೊರೆದು ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯ ಮುಟ್ಟಿದರು. ಅವರಲ್ಲಿದ್ದ ಏಕೈಕ ಹೆಂಗಸು ನ್ಯಾನ್ಸಿ ಕೆಲ್ಸಿ, ಕಂಕುಳಲ್ಲಿ ಹಸುಗೂಸು. ಸ್ವಾಮಿಯವರು ಉತ್ತರಕ್ಕೆ ನಡೆದು ಸೆಪ್ಟೆಂಬರ್ ತಿಂಗಳಲ್ಲಿ ಬಿಟರ್‌ರೂಟ್ ಕಣಿವೆಯಲ್ಲಿ ಸಂತ ಮರಿಯಮ್ಮನವರ ಧರ್ಮಕೇಂದ್ರವನ್ನು ಸ್ಥಾಪಿಸಿದರು.

ಆ ಜನರ ನಡುವೆಯೇ ಬಾಳಿ ಸಾಯಬೇಕೆಂಬುದು ಅವರ ಆಸೆಯಾಗಿತ್ತು. ಆದರೆ 1846ರ ನಂತರ ಹಿರಿಯರ ಆಜ್ಞೆಯಂತೆ ಸೇಂಟ್ ಲೂಯಿಸ್‌ನಲ್ಲಿ ಲೆಕ್ಕಪತ್ರ ನೋಡುವ ಕೆಲಸ ಅವರ ಪಾಲಿಗೆ ಬಂತು. ವಿಧೇಯತೆಯ ವ್ರತ ಅಷ್ಟು ಸುಲಭವಲ್ಲ. ಅವಕಾಶ ದೊರೆತಾಗಲೆಲ್ಲ ಪಶ್ಚಿಮಕ್ಕೆ ಹೋಗಿಬರುತ್ತಿದ್ದರು. 1851ರಲ್ಲಿ ಫೋರ್ಟ್ ಲಾರಮಿ ಸಮೀಪ ಸುಮಾರು 10,000 ಮೂಲನಿವಾಸಿಗಳು ಸೇರಿದ ಒಪ್ಪಂದ ಸಭೆಯಲ್ಲಿ ನೂರಾರು ಮಕ್ಕಳಿಗೆ ಜ್ಞಾನಸ್ನಾನ ನೀಡಿದರು. ಆ ಪ್ರದೇಶದ ಭೂಪಟವನ್ನೂ ಬರೆದುಕೊಟ್ಟರು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಬೆಟ್ಟಗಳಲ್ಲಿ ಚಿನ್ನವಿದೆಯೆಂದು ಸ್ವಾಮಿಯವರಿಗೆ ಮೊದಲೇ ತಿಳಿದಿತ್ತು. ಅದು ಬಯಲಾದರೆ ಮೂಲನಿವಾಸಿಗಳಿಗೆ ಉಳಿಗಾಲವಿಲ್ಲವೆಂದು ಸ್ಥಳವನ್ನು ಯಾರಿಗೂ ಹೇಳಲಿಲ್ಲ. ಆದರೆ ಅವರ ಪತ್ರಗಳು ಅಚ್ಚಾಗಿ ಅನೇಕರ ಕೈಸೇರಿದವು. 1846ರಲ್ಲಿ ಮಾರ್ಮನ್ ಪಂಥದ ನಾಯಕ ಬ್ರಿಗಮ್ ಯಂಗ್ ಅವರಿಗೆ ಪಶ್ಚಿಮದ ನಾಡನ್ನು ವಿವರಿಸಿದವರೂ ಅವರೇ. ತಾವು ಕಾಪಾಡಬಯಸಿದ ನಾಡಿಗೆ ತಾವೇ ಬಾಗಿಲು ತೆರೆದಂತಾಯಿತಲ್ಲ! ಇದು ಅವರ ತಪ್ಪೆಂದು ನಾವು ತೀರ್ಪು ಕೊಡಲಾರೆವು; ಅವರು ಬಾರದಿದ್ದರೂ ವಲಸೆ ನಿಲ್ಲುತ್ತಿರಲಿಲ್ಲ.

1868ರ ಜೂನ್ ತಿಂಗಳಲ್ಲಿ, 67ನೆಯ ವಯಸ್ಸಿನಲ್ಲಿ, ಮಾತೆ ಮರಿಯಮ್ಮನವರ ಚಿತ್ರವಿದ್ದ ಧ್ವಜವೊಂದನ್ನು ಹಿಡಿಸಿಕೊಂಡು ಸೂ ನಾಯಕ ಸಿಟಿಂಗ್ ಬುಲ್ ಅವರ ಪಾಳೆಯವನ್ನು ಪ್ರವೇಶಿಸಿದರು. ಸೈನ್ಯದ ರಕ್ಷಣೆಯಿರಲಿಲ್ಲ. ಇಗ್ನೇಸ್ ಅವರನ್ನು ಕೊಂದ ಜನಾಂಗವೇ ಇವರನ್ನು ಆದರದಿಂದ ಬರಮಾಡಿಕೊಂಡಿತು. ಸಿಟಿಂಗ್ ಬುಲ್ ತಾವು ಸಹಿ ಹಾಕಲಿಲ್ಲ. ಗಾಲ್ ಮೊದಲಾದವರನ್ನು ಕಳುಹಿಸಿದರು. ಶಾಂತಿ ಒಪ್ಪಂದವಾಯಿತು. 1873ನೇ ಇಸವಿ ಮೇ 23ರಂದು ಸ್ವಾಮಿಯವರು ಸೇಂಟ್ ಲೂಯಿಸ್‌ನಲ್ಲಿ ದೈವಾಧೀನರಾದರು. ಮರುವರ್ಷವೇ ಬ್ಲ್ಯಾಕ್ ಹಿಲ್ಸ್‌ನ ಚಿನ್ನ ಜಗಜ್ಜಾಹೀರಾಯಿತು. 1877ರಲ್ಲಿ ಸರ್ಕಾರ ಆ ಬೆಟ್ಟಗಳನ್ನು ಕಿತ್ತುಕೊಂಡಿತು. 1891ರಲ್ಲಿ ನಾಯಕ ಶಾರ್ಲೋ ಅವರ ಸಾಲಿಷ್ ಜನರೂ ಬಿಟರ್‌ರೂಟ್ ಕಣಿವೆಯನ್ನು ತೊರೆಯಬೇಕಾಯಿತು.

ನೆಲ ಹೋಯಿತು, ಹೆಸರುಗಳು ಹೋಗಲಿಲ್ಲ. ಸ್ವಾಮಿಯವರು 1842ರಲ್ಲಿ ಫೋರ್ಟ್ ವ್ಯಾಂಕೂವರ್‌ಗೆ ಹೋಗಿ ಭೇಟಿಯಾದ ಬ್ಲಾಂಷೆ, ಡಿಮೇರ್ಸ್ ಸ್ವಾಮಿಗಳು ಅಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಇಟ್ಟಿದ್ದರು. ತಂದೆ ಫ್ರೆಂಚ್ ಕೆನಡದ ಬೇಟೆಗಾರ, ತಾಯಿ ಮೂಲನಿವಾಸಿ, ಮಗುವಿನ ಹೆಸರು, ಜ್ಞಾನ ತಂದೆತಾಯಿಯರ ಹೆಸರು: ಎಲ್ಲವೂ ನಮ್ಮ ದೇವಾಲಯದ ಪುಸ್ತಕದಲ್ಲಿರುವಂತೆಯೇ. 1970ರ ದಶಕದಿಂದ ಅವು ಇಂಗ್ಲಿಷಿಗೆ ಅನುವಾದಗೊಂಡು ಅಚ್ಚಾದವು. ತಮ್ಮ ಮುತ್ತಜ್ಜಿ ಯಾವ ಜನಾಂಗದವಳೆಂದು ಅರಿಯಲು ಅಲ್ಲಿನ ಕುಟುಂಬಗಳು ಇಂದಿಗೂ ಆ ಹಾಳೆಗಳನ್ನೇ ತಿರುವುತ್ತವೆ.