ಡೇವಿಡ್ ಹೂಪರ್: ಸಸ್ಯಸಾರದ ಪರೀಕ್ಷೆ ಮತ್ತು ದೇಸಿ ಅರಿವಿನ ದಾಖಲಾತಿ

1

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಸಾಗುವ ಹೆದ್ದಾರಿಯು ಬಂಡೀಪುರದ ಕಾಡನ್ನು ಹಾದು, ಮುದುಮಲೆಯ ತೆಪ್ಪಕಾಡಿನಿಂದ ಗೂಡಲೂರು, ನಡುವಟ್ಟಂಗಳ ಮಾರ್ಗವಾಗಿ ಉದಕಮಂಡಲವನ್ನು ಸೇರುತ್ತದೆ. ಕೆಳಗೆ ಎಲೆಯುದುರುವ ಒಣಕಾಡು, ಮೇಲೆ ಮಂಜು ಮುಸುಕಿದ ಗಿರಿನೆತ್ತಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಎರಡು ನೆಲೆಗಳು ಔಷಧಿಯ ಚರಿತ್ರೆಯಲ್ಲಿ ಪರಸ್ಪರ ಮುಖಾಮುಖಿಯಾದವು. ಕೆಳಗಿನ ಕಾಡು ಚಳಿಜ್ವರಕ್ಕೆ ಹೆಸರಾಗಿತ್ತು. ಮೇಲಿನ ಬೆಟ್ಟದಲ್ಲಿ ಅದೇ ಜ್ವರಕ್ಕೆ ಮದ್ದಾದ ಸಿಂಕೋನ ಮರಗಳನ್ನು ವಸಾಹತು ಸರ್ಕಾರ ಬೆಳೆಸುತ್ತಿತ್ತು. ಆ ಮರಗಳ ತೊಗಟೆಯನ್ನು ಪರೀಕ್ಷಿಸಲೆಂದು ಬಂದು, ಈ ನೆಲದ ಬಳ್ಳಿ ಗಿಡಗಳನ್ನೂ ಪ್ರಯೋಗಾಲಯಕ್ಕೆ ಒಯ್ದವನು ಡೇವಿಡ್ ಹೂಪರ್. ಭಾರತೀಯ ಔಷಧೀಯ ಸಸ್ಯಗಳ ಅಧ್ಯಯನದಲ್ಲಿ ಅವನ ಹೆಸರು ಇಂದಿಗೂ ಮತ್ತೆ ಮತ್ತೆ ಎದುರಾಗುತ್ತದೆ. ಆದರೆ ಅವನ ಬದುಕು ಮತ್ತು ಕೆಲಸಗಳನ್ನು ಕನ್ನಡದ ನೆಲೆಯಿಂದ ನೋಡುವ ಪ್ರಯತ್ನಗಳು ವಿರಳ. ಜನರ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದೆಂದರೆ ಏನು, ಆ ಪರೀಕ್ಷೆಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಕಳೆದುಹೋಗುತ್ತದೆ ಎಂಬ ಪ್ರಶ್ನೆಗಳ ಹಿನ್ನೆಲೆಯಲ್ಲಿ ಅವನ ಜೀವನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಹೂಪರ್ ಇಂಗ್ಲೆಂಡಿನ ಸರೇ ಪ್ರಾಂತ್ಯದ ರೆಡ್‌ಹಿಲ್‌ನಲ್ಲಿ 1858ರಲ್ಲಿ ಜನಿಸಿದನು. ಅವನ ಶಿಕ್ಷಣವು ಔಷಧ ತಯಾರಿಕೆಯ ಶಾಸ್ತ್ರಕ್ಕೆ ಸಂಬಂಧಿಸಿದುದು. ಅವನು ವೈದ್ಯನೂ ಅಲ್ಲ, ಆಡಳಿತಗಾರನೂ ಅಲ್ಲ. 1884ರಲ್ಲಿ ಮದರಾಸು ಸರ್ಕಾರದ ಕ್ವಿನಾಲಜಿಸ್ಟ್ ಆಗಿ ಅವನು ಉದಕಮಂಡಲಕ್ಕೆ ಬಂದನು. ಸಿಂಕೋನ ತೊಗಟೆಯಲ್ಲಿರುವ ಕ್ವಿನೈನ್ ಮೊದಲಾದ ಕ್ಷಾರಸತ್ವಗಳನ್ನು ಬೇರ್ಪಡಿಸಿ, ಅವುಗಳ ಪ್ರಮಾಣವನ್ನು ಅಳೆದು, ಯಾವ ಮರ ಬೆಳೆಸಲು ಯೋಗ್ಯವೆಂದು ಹೇಳುವ ರಸಾಯನತಜ್ಞನ ಹುದ್ದೆಯದು.

ಈ ಹುದ್ದೆಯ ಹಿಂದೆ ಸುಮಾರು ಕಾಲು ಶತಮಾನದ ಚರಿತ್ರೆಯಿತ್ತು. ದಕ್ಷಿಣ ಅಮೆರಿಕದಿಂದ ಸಿಂಕೋನ ಸಸಿಗಳನ್ನು ತರಿಸುವ ಯೋಜನೆಯನ್ನು ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಂ 1860ರಲ್ಲಿ ಕೈಗೊಂಡನು. ನೀಲಗಿರಿಯಲ್ಲಿ ಅವುಗಳನ್ನು ಬೆಳೆಸುವ ಹೊಣೆ ವಿಲಿಯಂ ಗ್ರಹಾಂ ಮೆಕೈವರ್‌ನದಾಗಿತ್ತು. 1866ರಲ್ಲಿ ನೇಮಕವಾದ ಮದರಾಸಿನ ಆಯೋಗವು ತೊಗಟೆಯ ನಾಲ್ಕು ಕ್ಷಾರಸತ್ವಗಳನ್ನು ಜ್ವರಪೀಡಿತರ ಮೇಲೆ ಬೇರೆಬೇರೆಯಾಗಿ ಪ್ರಯೋಗಿಸಿ ನೋಡಿತು. ಒಟ್ಟು 2472 ರೋಗಿಗಳಲ್ಲಿ ಮದ್ದು ವಿಫಲವಾದ ಪ್ರಮಾಣವು ಸಾವಿರಕ್ಕೆ ಕ್ವಿನಿಡಿನ್‌ನಲ್ಲಿ 6, ಕ್ವಿನೈನ್‌ನಲ್ಲಿ 7, ಸಿಂಕೋನಿಡಿನ್‌ನಲ್ಲಿ 10, ಸಿಂಕೋನಿನ್‌ನಲ್ಲಿ 23 ಎಂದು ದಾಖಲಾಯಿತು. ದುಬಾರಿಯಾದ ಕ್ವಿನೈನ್ ಒಂದೇ ಮದ್ದಲ್ಲ, ಅಗ್ಗದ ಉಳಿದ ಸತ್ವಗಳೂ ಬಡವರ ಜ್ವರಕ್ಕೆ ಸಾಕಾಗುತ್ತವೆ ಎಂಬುದು ಇದರ ಫಲಿತ. ಒಂದೇ ಸಸ್ಯದ ಸತ್ವಗಳನ್ನು ಬಿಡಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಸೋಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಕ್ರಮವು ಹೂಪರ್‌ಗೆ ಹುದ್ದೆಯೊಡನೆ ಪರಂಪರೆಯಾಗಿಯೇ ದೊರೆಯಿತು ಎನ್ನಬಹುದು.

3

ಹೂಪರ್‌ನ ದಿನನಿತ್ಯದ ಕೆಲಸ ತೊಗಟೆಯ ವಿಶ್ಲೇಷಣೆಯಾಗಿದ್ದರೂ ಅವನ ಕುತೂಹಲ ಅಷ್ಟಕ್ಕೇ ನಿಲ್ಲಲಿಲ್ಲ. ಕೊಂಕಣದಿಂದ ತಿರುವಾಂಕೂರಿನವರೆಗೆ ದಖ್ಖನ್ ಪರ್ಯಾಯ ದ್ವೀಪದ ಕಾಡುಗಳಲ್ಲಿ ಹಬ್ಬುವ ಮಧುನಾಶಿನಿ ಬಳ್ಳಿ ಅವನ ಗಮನ ಸೆಳೆಯಿತು. ಸಣ್ಣಗೆರಸೆ ಹಂಬು ಎಂಬುದು ಇದರ ಇನ್ನೊಂದು ಕನ್ನಡ ಹೆಸರು. ಇದರ ಎಲೆಯನ್ನು ಜಗಿದರೆ ನಾಲಗೆಗೆ ಸಿಹಿ ತಿಳಿಯದೆಂಬುದು ಜನರಿಗೆ ಗೊತ್ತಿದ್ದ ಸಂಗತಿ. ಸಂಸ್ಕೃತ ಮೂಲದ ಹೆಸರೇ ಅದನ್ನು ಸೂಚಿಸುತ್ತದೆ. ಬಂಗಾಳದ ಆಡಳಿತ ಸೇವೆಯಲ್ಲಿದ್ದ ಸಸ್ಯಪ್ರಿಯ ಎಜ್‌ವರ್ತ್, ಈ ಎಲೆ ಜಗಿದ ಮೇಲೆ ಚಹಾದ ಸಿಹಿ ತಿಳಿಯದಾದುದನ್ನು ಶತಮಾನದ ನಡುಭಾಗದಲ್ಲಿಯೇ ವರದಿ ಮಾಡಿದ್ದನು. ಆದರೆ ಎಲೆಯೊಳಗಿನ ಯಾವ ವಸ್ತು ಈ ಕೆಲಸ ಮಾಡುತ್ತದೆಂಬುದನ್ನು ಯಾರೂ ಶೋಧಿಸಿರಲಿಲ್ಲ.

ಹೂಪರ್ ಮೊದಲು ತನ್ನ ನಾಲಗೆಯನ್ನೇ ಪರೀಕ್ಷೆಗೆ ಒಡ್ಡಿದನು. ಒಂದೆರಡು ಎಲೆ ಜಗಿದ ಬಳಿಕ ಬಾಯಿಗೆ ಹಾಕಿಕೊಂಡ ಸಕ್ಕರೆ ಅವನಿಗೆ ಮರಳಿನಂತೆ ಭಾಸವಾಯಿತು. ಕಿತ್ತಳೆಯಲ್ಲಿ ಉಳಿದದ್ದು ಹುಳಿ ಮಾತ್ರ. ಶುಂಠಿ ಬೆರೆತ ಸಿಹಿತಿಂಡಿಯಲ್ಲಿ ಉಳಿದದ್ದು ಶುಂಠಿಯ ಖಾರವೊಂದೇ. ಉಪ್ಪು, ಹುಳಿ, ಒಗರುಗಳಿಗೆ ಯಾವ ಬಾಧೆಯೂ ಆಗಲಿಲ್ಲ. ಅನಂತರ ಅವನು ತನ್ನ ಕಸುಬಿನ ವಸ್ತುವಾದ ಕ್ವಿನೈನನ್ನೇ ನಾಲಗೆಗೆ ಹಚ್ಚಿಕೊಂಡು ನೋಡಿದನು. ಕಹಿಯ ಪರಮಾವಧಿಯಾದ ಅದೂ ಸೀಮೆಸುಣ್ಣದಂತೆ ಸಪ್ಪೆಯಾಯಿತು. ಅಂದರೆ ಈ ಎಲೆ ಸಿಹಿಯೊಂದನ್ನೇ ಅಲ್ಲ, ಕಹಿಯನ್ನೂ ಮರೆಸುತ್ತದೆಂದು ಅವನು ಕಂಡುಕೊಂಡನು. ಈ ಪರಿಣಾಮ ಇಡೀ ದಿನ ಉಳಿಯುತ್ತದೆಂಬ ಹಿಂದಿನ ಹೇಳಿಕೆಯನ್ನೂ ಅವನು ತಿದ್ದಿದನು. ಅವನ ಅನುಭವದಲ್ಲಿ ಅದು ಒಂದೆರಡು ಗಂಟೆಗಳಲ್ಲಿ ಇಳಿದುಹೋಗುತ್ತಿತ್ತು.

ಆಮೇಲೆ ರಾಸಾಯನಿಕ ಪರೀಕ್ಷೆಯ ಸರದಿ. ಎಲೆಯ ಸಾರವನ್ನು ತೆಗೆದು, ಅದರಲ್ಲಿ ಲವಣರೂಪದಲ್ಲಿ ಅಡಗಿದ್ದ ಆಮ್ಲವೊಂದನ್ನು ಹಸುರು ಛಾಯೆಯ ಬಿಳಿ ಪುಡಿಯಾಗಿ ಬೇರ್ಪಡಿಸಿ, ಅದಕ್ಕೆ ಜಿಮ್ನೆಮಿಕ್ ಆಮ್ಲವೆಂದು ಹೆಸರಿಟ್ಟನು. 1887ರ ಜನವರಿಯಲ್ಲಿ ಉದಕಮಂಡಲದ ನೀಲಗಿರಿ ನಿಸರ್ಗ ಚರಿತ್ರೆ ಸಂಘದಲ್ಲಿ ಓದಿದ ಈ ಪ್ರಬಂಧವು ಅದೇ ವರ್ಷದ ಏಪ್ರಿಲ್‌ನಲ್ಲಿ ಲಂಡನ್ನಿನ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವನು ಒಂದೇ ಆಮ್ಲವೆಂದು ಭಾವಿಸಿದ್ದುದು ವಾಸ್ತವವಾಗಿ ಪರಸ್ಪರ ಹೋಲುವ ಹಲವು ಸಪೋನಿನ್‌ಗಳ ಸಮೂಹವೆಂದು ಮುಂದಿನ ಶತಮಾನದಲ್ಲಿ ಗೊತ್ತಾಯಿತಾದರೂ, ಅವನಿಟ್ಟ ಹೆಸರು ಮಾತ್ರ ಉಳಿದುಕೊಂಡಿತು.

4

ಹೂಪರ್‌ನ ಎರಡನೆಯ ಮುಖ್ಯ ಶೋಧ ಆಡುಸೋಗೆಗೆ ಸಂಬಂಧಿಸಿದುದು. ಹಳ್ಳಿಗಾಡಿನಲ್ಲಿ ಹೊಲದ ಬೇಲಿಯಾಗಿ ಕಾಣಸಿಗುವ ಈ ಗಿಡದ ಎಲೆಯ ಕಷಾಯ ಕೆಮ್ಮು ದಮ್ಮುಗಳಿಗೆ ಮನೆಮದ್ದು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಅಪವಾದವಾಗಿ, ಆಡು ಮುಟ್ಟದ ಸೊಪ್ಪೆಂದೇ ಜನ ಇದನ್ನು ಗುರುತಿಸುತ್ತಾರೆ. ಈ ಗಿಡಕ್ಕೆ ಬಂದ ಅಧಾತೋಡ ಎಂಬ ಲ್ಯಾಟಿನ್ ಹೆಸರೂ ದ್ರಾವಿಡ ಮೂಲದ್ದೇ. ಭಾಷೆಯಲ್ಲಿ ನೆಲೆಗೊಂಡ ಈ ತಿಳಿವಳಿಕೆಗೆ ರಾಸಾಯನಿಕ ಆಧಾರವನ್ನು ಒದಗಿಸಿದವನು ಹೂಪರ್. 1888ರಲ್ಲಿ ಅವನು ಎಲೆಯಿಂದ ವ್ಯಾಸಿಸಿನ್ ಎಂಬ ಕಹಿ ಕ್ಷಾರಸತ್ವವನ್ನು ಬೇರ್ಪಡಿಸಿದನು. ಎಲೆಯ ಸಾರವು ಕೀಟಗಳಂತಹ ಕೆಳಸ್ತರದ ಜೀವಿಗಳಿಗೆ ವಿಷಕಾರಿಯೆಂಬುದನ್ನೂ ಪರಿಶೀಲಿಸಿದನು.

ಈ ಬಿಡಿ ಶೋಧಗಳೆಲ್ಲ ಒಂದು ಬೃಹತ್ ಯೋಜನೆಯಲ್ಲಿ ಒಟ್ಟುಗೂಡಿದವು. ಮುಂಬಯಿಯ ವಿಲಿಯಂ ಡೈಮಾಕ್, ಕಲ್ಕತ್ತೆಯ ವಾರ್ಡನ್ ಮತ್ತು ಉದಕಮಂಡಲದ ಹೂಪರ್ ಮೂವರೂ ಸೇರಿ ಫಾರ್ಮಕೋಗ್ರಾಫಿಯಾ ಇಂಡಿಕಾ ಎಂಬ ಗ್ರಂಥವನ್ನು ಮೂರು ಸಂಪುಟಗಳಲ್ಲಿ 1890ರಿಂದ 1893ರ ಅವಧಿಯಲ್ಲಿ ಹೊರತಂದರು. ಪ್ರತಿಯೊಂದು ಸಸ್ಯದ ಚರಿತ್ರೆ, ಉಪಯೋಗ, ವಿವರಣೆ ಹಾಗೂ ರಾಸಾಯನಿಕ ಘಟಕಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ. ಸಸ್ಯದ ಲ್ಯಾಟಿನ್ ಹೆಸರಿನೊಂದಿಗೆ ಕನ್ನಡವೂ ಸೇರಿದಂತೆ ದೇಶಭಾಷೆಗಳ ಹೆಸರುಗಳನ್ನು ದಾಖಲಿಸಿರುವುದು ಕನ್ನಡದ ಅಧ್ಯಯನಕಾರರಿಗೆ ಮಹತ್ವದ ಅಂಶ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳಕೆಯಲ್ಲಿದ್ದ ಸಸ್ಯನಾಮಗಳಿಗೆ ಇದೊಂದು ಆಕರವೂ ಹೌದು.

5

1897ರಲ್ಲಿ ಹೂಪರ್ ನೀಲಗಿರಿಯನ್ನು ಬಿಟ್ಟು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಆರ್ಥಿಕ ಸಸ್ಯವಸ್ತುಗಳ ವಿಭಾಗದ ಹೊಣೆ ಹೊತ್ತನು. ಬಂಡೀಪುರದ ಕಾಡಿಗೆ ಹೊಂದಿಕೊಂಡ ನೀಲಗಿರಿಯ ಸೀಗೂರು ಘಟ್ಟದಲ್ಲಿ ರೊನಾಲ್ಡ್ ರಾಸ್ ಸ್ವತಃ ಮಲೇರಿಯಾ ಹತ್ತಿಸಿಕೊಂಡುದು ಇದೇ ವರ್ಷ. ಆಗಸ್ಟ್‌ನಲ್ಲಿ ಅವನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ರೋಗಾಣುವನ್ನು ಕಂಡನು. ಜ್ವರದ ಮೂಲ ತಿಳಿಯುವ ಮೊದಲೇ ಜ್ವರದ ಮದ್ದು ಈ ಬೆಟ್ಟಗಳಲ್ಲಿ ಸಿದ್ಧವಾಗುತ್ತಿತ್ತೆಂಬುದು ಗಮನಾರ್ಹ. ಕಲ್ಕತ್ತೆಯಲ್ಲಿ 1914ರವರೆಗೆ ದುಡಿದ ಹೂಪರ್‌ಗೆ 1907ರಲ್ಲಿ ಔಷಧದ್ರವ್ಯ ಸಂಶೋಧನೆಗಾಗಿ ಹ್ಯಾನ್‌ಬರಿ ಪದಕ ಸಂದಿತು. ನಿವೃತ್ತಿಯ ಬಳಿಕವೂ ಅವನ ಕೆಲಸ ನಿಲ್ಲಲಿಲ್ಲ. ಮಲಯಾದ ಚೀನೀ ಔಷಧದಂಗಡಿಗಳ ಮದ್ದುಗಳನ್ನು ಕುರಿತು 1929ರಲ್ಲಿ, ಇರಾನ್ ಮತ್ತು ಇರಾಕ್‌ಗಳ ಉಪಯುಕ್ತ ಸಸ್ಯಗಳನ್ನು ಕುರಿತು 1937ರಲ್ಲಿ ಅವನ ಬರಹಗಳು ಪ್ರಕಟವಾದವು. 1947ರಲ್ಲಿ ಅವನು ಇಂಗ್ಲೆಂಡಿನಲ್ಲಿ ತೀರಿಕೊಂಡನು.

6

ಹೂಪರ್ ಆರಂಭಿಸಿದ ಪರೀಕ್ಷೆಗಳು ಅವನ ನಂತರವೂ ಬಹುಕಾಲ ಮುಂದುವರಿದವು. ಮಹಸ್ಕರ್ ಮತ್ತು ಕೇಯಸ್ 1930ರಲ್ಲಿ ಮಧುನಾಶಿನಿಯನ್ನು ಮಧುಮೇಹದ ದೃಷ್ಟಿಯಿಂದ ಪರಿಶೀಲಿಸಿದರು. ಇದರ ಬೇರು ಹಾವಿನ ವಿಷಕ್ಕೆ ಮದ್ದೆಂಬ ನಂಬಿಕೆಯೂ ಪ್ರಚಲಿತವಾಗಿತ್ತು. ಆದರೆ ಅದೇ ಸಂಶೋಧಕರು 1931ರಲ್ಲಿ ಹಾವಿನ ಕಡಿತಕ್ಕೆ ಬಳಸುವ ಮುನ್ನೂರಕ್ಕೂ ಹೆಚ್ಚು ಸಸ್ಯಗಳನ್ನು ಪರೀಕ್ಷಿಸಿದಾಗ ಯಾವುದೂ ಜೀವ ಉಳಿಸುವ ಮದ್ದಾಗಿ ನಿಲ್ಲಲಿಲ್ಲ. 1990ರಲ್ಲಿ ಮದರಾಸಿನ ಸಂಶೋಧಕರು ಇನ್ಸುಲಿನ್ ಅವಲಂಬಿತ 27 ಮಧುಮೇಹಿಗಳಿಗೆ ಮಧುನಾಶಿನಿಯ ಎಲೆಯ ಸಾರವನ್ನು ಕೊಟ್ಟು, ಅವರಿಗೆ ಬೇಕಾಗುವ ಇನ್ಸುಲಿನ್ ಪ್ರಮಾಣ ತಗ್ಗಿದುದನ್ನು ವರದಿ ಮಾಡಿದರು. ಪ್ರಯೋಗದ ವ್ಯಾಪ್ತಿ ಕಿರಿದಾದುದರಿಂದ ಇದನ್ನು ಸಿದ್ಧ ಚಿಕಿತ್ಸೆಯೆಂದು ಭಾವಿಸಲಾಗದು. ನಾಲಗೆಯ ಮೇಲಿನ ಸಿಹಿಗ್ರಾಹಕ ಪ್ರೋಟೀನಿಗೆ ಜಿಮ್ನೆಮಿಕ್ ಆಮ್ಲ ಅಂಟಿಕೊಳ್ಳುವ ಬಗೆ ಸ್ಪಷ್ಟವಾದುದು 2014ರಲ್ಲಿ. ಹೂಪರ್‌ಗೆ ಸಕ್ಕರೆ ಮರಳಾದುದೇಕೆಂಬುದಕ್ಕೆ ಉತ್ತರ ದೊರೆಯಲು 127 ವರ್ಷಗಳೇ ಬೇಕಾದವು.

ವ್ಯಾಸಿಸಿನ್‌ನ ಪಯಣ ಇನ್ನಷ್ಟು ದೂರದ್ದು. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಬ್ರೋಮ್‌ಹೆಕ್ಸಿನ್ ಎಂಬ ಸಂಶ್ಲೇಷಿತ ಔಷಧಿಯು 1960ರ ದಶಕದಲ್ಲಿ ಬಳಕೆಗೆ ಬಂದಿತು. ಬ್ರೋಮ್‌ಹೆಕ್ಸಿನ್ ದೇಹದಲ್ಲಿ ಮಾರ್ಪಟ್ಟಾಗ ದೊರೆಯುವ ಆ್ಯಂಬ್ರಾಕ್ಸಾಲ್ ಕೂಡ ಪ್ರತ್ಯೇಕ ಮದ್ದಾಯಿತು. ಕಫ ಕರಗಿಸಲು ಇಂದು ಔಷಧದಂಗಡಿಯಲ್ಲಿ ದೊರೆಯುವ ಅನೇಕ ಸಿರಪ್ಪುಗಳ ಹಿಂದೆ ಬೇಲಿಯ ಆಡುಸೋಗೆಯಿದೆ. ಇದೇ ಪರೀಕ್ಷೆಗಳ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುತ್ತದೆಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ಅಧ್ಯಯನಗಳು ತೋರಿಸಿದವು. ಮನೆಮದ್ದೆಂಬ ಕಾರಣಕ್ಕೆ ಎಲ್ಲವೂ ನಿರಪಾಯಕಾರಿಯಲ್ಲ, ಗರ್ಭಿಣಿಯರು ಆಡುಸೋಗೆಯಿಂದ ದೂರವಿರಬೇಕು ಎಂಬ ಎಚ್ಚರವೂ ಪ್ರಯೋಗಾಲಯದಿಂದಲೇ ಬಂದಿತು.

7

ಮೇಲಿನ ವಿವರಗಳಿಂದ ಹೂಪರ್‌ನ ಸಾಧನೆ ಮತ್ತು ಮಿತಿಗಳೆರಡನ್ನೂ ಗುರುತಿಸಬಹುದು. ದೇಸಿ ವೈದ್ಯವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವಸಾಹತುಶಾಹಿ ಧೋರಣೆಯನ್ನಾಗಲಿ, ಕೇಳಿದ್ದನ್ನೆಲ್ಲ ನಂಬಿ ಬರೆದಿಡುವ ಸಂಗ್ರಾಹಕನ ಪ್ರವೃತ್ತಿಯನ್ನಾಗಲಿ ಅವನು ಅನುಸರಿಸಲಿಲ್ಲ. ಜನರ ಮಾತನ್ನು ಪರೀಕ್ಷೆಗೆ ಯೋಗ್ಯವಾದ ಹೇಳಿಕೆಯೆಂದು ಭಾವಿಸಿದನು. ಪರೀಕ್ಷಿಸುವುದೂ ಗೌರವದ ಒಂದು ಬಗೆಯೇ. ಆದರೆ ಈ ಕ್ರಮದಲ್ಲಿ ಗಿಡದ ಹೆಸರು ಉಳಿಯಿತು, ಗಿಡವನ್ನು ಬಲ್ಲವರ ಹೆಸರು ಉಳಿಯಲಿಲ್ಲ. ಎಲೆಯ ಗುಣವನ್ನು ತಲೆಮಾರುಗಳಿಂದ ಅರಿತಿದ್ದವರು ಆ ಕಾಲದ ವೈಜ್ಞಾನಿಕ ಬರಹಗಳಲ್ಲಿ ದೇಶೀಯರು ಎಂಬ ಒಂದೇ ಪದದಲ್ಲಿ ಕರಗಿಹೋದರು. ಇದು ಹೂಪರ್ ಒಬ್ಬನ ದೋಷವಲ್ಲ. ಅಂದಿನ ಜ್ಞಾನಕ್ರಮವೇ ಹಾಗಿತ್ತು.

ಈ ಪ್ರಶ್ನೆ ಬಂಡೀಪುರದ ಮಟ್ಟಿಗೆ ಬರಿಯ ಚರಿತ್ರೆಯಲ್ಲ. 1931ರಲ್ಲಿ ಮೈಸೂರು ಅರಸರ ಕಾಲದ 90 ಚದರ ಕಿ.ಮೀ. ಅಭಯಾರಣ್ಯವಾಗಿ ಆರಂಭವಾದ ಈ ಕಾಡು 1941ರಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನವಾಗಿ ವಿಸ್ತರಿಸಿತು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನ ರಕ್ಷಣೆಯ ಬೇಲಿ ಬಿಗಿಯಾದಂತೆಲ್ಲ ಜೇನುಕುರುಬರು, ಸೋಲಿಗರು ಮೊದಲಾದವರಿಗೆ ಬಳ್ಳಿ ಬೇರುಗಳೊಂದಿಗಿದ್ದ ನಿತ್ಯದ ಒಡನಾಟ ಕಡಿಮೆಯಾಯಿತು. ಒಡನಾಟವಿಲ್ಲದೆ ಹೆಸರುಗಳು ಬಾಯಲ್ಲಿ ಉಳಿಯುವುದಿಲ್ಲ. 2002ರ ಜೀವವೈವಿಧ್ಯ ಕಾಯಿದೆ ಸಸ್ಯಜ್ಞಾನದ ಲಾಭದಲ್ಲಿ ಸಮುದಾಯಗಳಿಗೆ ಪಾಲಿದೆಯೆಂಬ ತತ್ವವನ್ನು ಒಪ್ಪಿತು. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಮಾನ್ಯ ಮಾಡಿತು. ಆದರೆ ಪಾಲು ಕೊಡಬೇಕಾದರೆ ಬಲ್ಲವರು ಯಾರೆಂಬ ದಾಖಲೆ ಬೇಕು. ಹೂಪರ್ ತನ್ನ ಕಾಲದಲ್ಲಿ ಬರೆದಿಡದೆ ಹೋದದ್ದು ಅದನ್ನೇ. ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ಹಾಡಿಗಳಲ್ಲಿ ಇನ್ನೂ ಉಳಿದಿರುವ ಸಸ್ಯನಾಮಗಳನ್ನು, ಅವುಗಳನ್ನು ಹೇಳಿದವರ ಒಪ್ಪಿಗೆಯೊಂದಿಗೆ ಅವರವರ ಹೆಸರಿನಲ್ಲಿಯೇ ದಾಖಲಿಸುವ ಕೆಲಸ ರಸಾಯನಶಾಸ್ತ್ರದ್ದಷ್ಟೇ ಅಲ್ಲ, ಕನ್ನಡ ಅಧ್ಯಯನದ ಹೊಣೆಯೂ ಆಗಿದೆ.