ಉಳಿದಿದ್ದ ಒಂದು ಭರಣಿ

ಶ್ರೀಪುರಂದರದಾಸರ ಮೂಗುತಿಯ ಕಥೆಯನ್ನು ಅರಿಯದ ಮಾಧ್ವರ ಮನೆಯಿಲ್ಲ. ಬಡ ಬ್ರಾಹ್ಮಣನು ಮಗನ ಉಪನಯನಕ್ಕೆಂದು ಯಾಚಿಸಿ ಬಂದುದು, ಶ್ರೀನಿವಾಸ ನಾಯಕರು ಆತನನ್ನು ತಿಂಗಳುಗಟ್ಟಲೆ ಅಲೆದಾಡಿಸಿದುದು, ಸರಸ್ವತೀಬಾಯಿಯವರು ಮೂಗುತಿಯನ್ನೇ ಬಿಚ್ಚಿ ಕೊಟ್ಟುದು, ಅದು ಅಂಗಡಿಯ ಪೆಟ್ಟಿಗೆಯಿಂದ ಮಾಯವಾಗಿ ವಿಷದ ಬಟ್ಟಲಿನಲ್ಲಿ ದೊರೆತುದು, ಇವೆಲ್ಲವನ್ನೂ ನಮ್ಮ ಅಜ್ಜಿಯಂದಿರು ಹೇಳಿಯೇ ಇದ್ದಾರೆ. ಅನಂತರ ನಡೆದುದನ್ನಷ್ಟೇ ನಾವಿಲ್ಲಿ ಸ್ಮರಿಸುವೆವು.

ದಾಸರು ಜನಿಸಿದುದು ಕ್ರಿ.ಶ. 1484ರಲ್ಲಿ ಎಂದು ಸಂಪ್ರದಾಯದ ಹೇಳಿಕೆ. ಜನ್ಮಸ್ಥಳವು ಪುಣೆಗೆ ಸಮೀಪದ ಪುರಂದರಗಡವೋ ಮಲೆನಾಡಿನ ಆರಗವೋ ಎಂಬಲ್ಲಿ ವಿದ್ವಾಂಸರಿಗೆ ಮತಭೇದವಿದೆ. (ಪುಣೆಯ ನಮ್ಮ ವಾಚಕರು ಮೊದಲಿನ ಪಕ್ಷವನ್ನು ಸುಲಭವಾಗಿ ಬಿಟ್ಟುಕೊಡಲಾರರು!) ಲೇವಾದೇವಿ ಮತ್ತು ರತ್ನವ್ಯಾಪಾರದಿಂದ ನವಕೋಟಿ ನಾರಾಯಣರೆನಿಸಿದ್ದ ಅವರು, ಸುಮಾರು ನಲವತ್ತರ ವಯಸ್ಸಿನಲ್ಲಿ ತುಳಸಿ ನೀರು ಬಿಟ್ಟು ಸರ್ವಸ್ವವನ್ನೂ ಕೃಷ್ಣಾರ್ಪಣ ಮಾಡಿದರು. ನೀರು ಬಿಟ್ಟ ಮೇಲೆ ಆ ವಸ್ತು ತನ್ನದಲ್ಲವೆಂಬುದು ದಾನದ ಕ್ರಮ. ಅದು ಯಾರ ಮನೆ ಸೇರಿತು, ಅವರು ಅದನ್ನು ಜೋಪಾನ ಮಾಡಿದರೇ ಎಂದು ವಿಚಾರಿಸುವ ಅಧಿಕಾರವೂ ಕೊಟ್ಟವನಿಗೆ ಉಳಿಯದು.

ಬಳಿಕ ಹೆಂಡತಿ ಮಕ್ಕಳೊಡನೆ ಕಾಡುದಾರಿಯಲ್ಲಿ ನಡೆದು ಬರುವಾಗ ಸರಸ್ವತೀಬಾಯಿಯವರಿಗೆ ಕಳ್ಳರ ಭಯವಾಯಿತಂತೆ. ಬರಿಗೈಯಲ್ಲಿ ಹೊರಟವರಿಗೆ ಕಳ್ಳರ ಭಯವೇಕೆಂದು ದಾಸರು ಕೇಳಲು, ಚಿನ್ನದ ಕುಂಕುಮದ ಭರಣಿಯೊಂದನ್ನು ಇಟ್ಟುಕೊಂಡಿರುವುದಾಗಿ ಆಕೆ ಒಪ್ಪಿಕೊಂಡರೆಂದು ಐತಿಹ್ಯ. ದಾಸರು ಅದನ್ನು ಅಲ್ಲಿಯೇ ಎಸೆಸಿದರು. ಭಯವೂ ಅದರೊಂದಿಗೇ ಹೋಯಿತು.

ಆ ತಾಯಿಯನ್ನು ಲೋಭಿಯೆನ್ನಲು ನಮಗೆ ಮನಸ್ಸು ಬಾರದು. ತವರಿನ ಮೂಗುತಿಯನ್ನು ಅಪರಿಚಿತನಿಗೆ ಕೊಟ್ಟವರು ಅವರೇ ಅಲ್ಲವೇ? ಸುಮಂಗಲಿಗೆ ಕುಂಕುಮದ ಭರಣಿಯು ಒಡವೆಯಲ್ಲ, ನಿತ್ಯದ ವಸ್ತು. ಆದುದರಿಂದಲೇ ಅದು ದಾನದ ರಾಶಿಗೆ ಸೇರಲಿಲ್ಲವೆಂದು ತೋರುತ್ತದೆ. ಅರವತ್ತು ದಾಟಿ, ಮಹಾನಗರದ ಎರಡು ಕೋಣೆಗಳ ಮನೆಯಲ್ಲಿರುವ ನಮ್ಮವರು ಇದನ್ನು ಬಲ್ಲರು. ಅಟ್ಟದ ಮೇಲಿನ ಹಿತ್ತಾಳೆಯ ಹಂಡೆ, ಕೊಳದಪ್ಪಲೆಗಳನ್ನು ಕೊಟ್ಟುಬಿಡುವುದು ಕಷ್ಟವಲ್ಲ. ಪೂಜೆಗೆಂದೋ, ಮೊಮ್ಮಗಳ ಮದುವೆಗೆಂದೋ ಹೆಸರಿಟ್ಟುಕೊಂಡು ಕಪಾಟಿನ ಮೂಲೆಯಲ್ಲಿ ಉಳಿಯುವ ಬೆಳ್ಳಿಯ ಬಟ್ಟಲಿನ ಮೇಲೆಯೇ ರಾತ್ರಿಯೆಲ್ಲ ಚಿತ್ತವಿರುತ್ತದೆ.

ವಿಜಯನಗರದಲ್ಲಿ ಶ್ರೀವ್ಯಾಸರಾಜರಿಂದ ದಾಸದೀಕ್ಷೆಯನ್ನು ಪಡೆದ ಮೇಲೆ ಅವರದು ಉಂಛವೃತ್ತಿಯ ಜೀವನ. ಅಂದು ದೊರೆತುದು ಅಂದಿಗೆ, ನಾಳೆಗೆ ಸಂಗ್ರಹವಿಲ್ಲ. ಅರಸನು ಪರೀಕ್ಷಿಸಲೆಂದು ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿಕೊಟ್ಟನೆಂದೂ, ಅಕ್ಕಿಯನ್ನು ಆರಿಸುತ್ತಿದ್ದ ಸರಸ್ವತೀಬಾಯಿಯವರು ಅವುಗಳನ್ನು ಕಲ್ಲೆಂದು ಹೊರಗೆಸೆದರೆಂದೂ ಕಥೆಯಿದೆ. ದಾಸರ ತ್ಯಾಗವನ್ನು ಎಲ್ಲರೂ ಹೊಗಳುವರು. ಭರಣಿಯಿಂದ ಈ ಮೊರದವರೆಗೆ ಆ ಗೃಹಿಣಿಯು ನಡೆದ ದಾರಿಯೂ ಚಿಕ್ಕದಲ್ಲವೆಂದು ನಮ್ಮ ಅಭಿಪ್ರಾಯ.

ದಾಸರು ಕ್ರಿ.ಶ. 1564ರಲ್ಲಿ ಹರಿಪುರವನ್ನು ಸೇರಿದರೆಂದು ರೂಢಿ. ಹಂಪೆಯಲ್ಲಿ ವಿಠಲಾಲಯದ ಸಮೀಪ, ತುಂಗಭದ್ರೆಯ ತೀರದಲ್ಲಿ ಅವರ ಹೆಸರಿನ ಮಂಟಪವಿದೆ; ಬರಿಯ ಕಲ್ಲುಕಂಬಗಳು. ನದಿ ತುಂಬಿದಾಗ ನೀರು ಅದರೊಳಗೇ ಹಾಯುತ್ತದೆ. ಪುಷ್ಯ ಬಹುಳ ಅಮಾವಾಸ್ಯೆಯು ಅವರ ಪುಣ್ಯದಿನ.